ಬೀಗ ಹಾಕಿದ ಸಕ್ಕರೆ

ಮೋಹಿನಿ ಊಟಕ್ಕೆ ಕೂತಳೆಂದರೆ ಅಮ್ಮಣ್ಣಿಗೆ ತನ್ನ ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮಗಳು ಗಂಜಿಯ ನಾಲ್ಕು ಅಗುಳು ಬಾಯಿಗೆ ಹಾಕುವಳು, ಒಣಮೀನಿನ ಚಟ್ನಿಯನ್ನು ಬೆರಳ ತುದಿಗೆ ಮುಟ್ಟಿಸುವಳು, ಆಮೇಲೆ ನೋವಿಗಾಗಿ ಕಾಯುವಳು. ಅದು ಬಂದೇ ಬರುತ್ತಿತ್ತು. ಹೊಟ್ಟೆಯ ಮೇಲ್ಭಾಗದಲ್ಲಿ ಶುರುವಾಗಿ ಬೆನ್ನಿನವರೆಗೆ ಇರಿಯುವ ನೋವು. ಬಂದ ಮೇಲೆ ಮೊಣಕಾಲನ್ನು ಎದೆಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿ ಮಲಗುವುದೊಂದೇ ದಾರಿ. ಮೈನೆರೆದ ಕಾಲಕ್ಕೆ ಹಿಡಿದ ಕಾಟ ಇಪ್ಪತ್ತನಾಲ್ಕು ತುಂಬಿದರೂ ಬಿಟ್ಟಿರಲಿಲ್ಲ. ನೋಡಲು ಬಂದ ಎರಡು ಗಂಡುಗಳ ಕಡೆಯವರು ಚಾ ಕುಡಿದು ಹೋದವರು ತಿರುಗಿ ಬಂದಿರಲಿಲ್ಲ.

ಬಂದರಿನಿಂದ ದೋಣಿಯಲ್ಲಿ ನದಿ ದಾಟಿದರೆ ಸಿಗುವ ಬೆಂಗರೆಯ ಮರಳಿನ ಮೇಲೆ ಇವರ ಮನೆ. ಹಿತ್ತಿಲಲ್ಲಿ ಸಮುದ್ರ, ಅಂಗಳದ ಆಚೆ ನದಿ. ಅಮ್ಮಣ್ಣಿ ಗಂಡ ಸತ್ತ ಮೇಲೆ ಬುಟ್ಟಿ ಹೊತ್ತು, ಬಂದರಿನಲ್ಲಿ ಮೀನು ಕೊಂಡು, ಪೇಟೆಯ ಮಣ್ಣಗುಡ್ಡದ ಮನೆಮನೆಗೆ ಮಾರಿ ಇಬ್ಬರು ಮಕ್ಕಳನ್ನು ಸಾಕಿದವಳು. ಮಗ ಬೂಬ ಯಂತ್ರದ ಪರ್ಸೀನ್ ಬೋಟಿನಲ್ಲಿ ಕೆಲಸಕ್ಕಿದ್ದ. ಮನೆಯ ಹಿರಿಯ ಎಂದರೆ ಅಮ್ಮಣ್ಣಿಯ ಅಣ್ಣ ಅಂಗಾರ. ಹೆಂಡತಿ ತೀರಿಕೊಂಡ ಮೇಲೆ ತಾಯಿಮನೆಗೇ ಬಂದು ಕೂತಿದ್ದ.

ಈ ಅಂಗಾರ ಒಂದು ಕಾಲದಲ್ಲಿ ರಂಪಣಿ ಬಲೆಯ ಮುಂದಾಳು. ಅವನು ದಡದಲ್ಲಿ ನಿಂತು ಕೈ ಎತ್ತಿದರೆ ಊರಿನ ಗಂಡಸರೆಲ್ಲ ಹಗ್ಗ ಹಿಡಿದು ಎಳೆಯುತ್ತಿದ್ದರು. ಪರ್ಸೀನ್ ಬೋಟುಗಳು ಬಂದು ಮೀನನ್ನೆಲ್ಲ ಕಡಲಿನಲ್ಲೇ ಬಾಚಿದ ಮೇಲೆ ರಂಪಣಿ ಮೂಲೆ ಸೇರಿತು. ಈಗ ಅವನು ಕೈ ಎತ್ತಿದರೆ ಒಣಮೀನಿನ ಮೇಲೆ ಕೂತ ಕಾಗೆಯೂ ಹಾರುತ್ತಿರಲಿಲ್ಲ. ಬಾಕಿ ಉಳಿದದ್ದು ಮನೆಯ ಹಿರಿತನವೊಂದೇ. ಮದುವೆಯ ಮಾತಿಗೆ, ಭೂತದ ಕೋಲಕ್ಕೆ, ಆಸ್ಪತ್ರೆಗೆ, ಎಲ್ಲದಕ್ಕೂ ಸೋದರಮಾವನೇ ಮುಂದೆ ನಡೆಯಬೇಕು. ತಾಯಿಯ ಕಡೆಯಿಂದ ಸಂಸಾರ ನಡೆಯುವ ಮನೆಗಳಲ್ಲಿ ಅದು ಹಿಂದಿನಿಂದ ಬಂದದ್ದು. ಅಮ್ಮಣ್ಣಿ ದುಡಿದು ತಂದರೂ ಅಣ್ಣನ ಎದುರು ಚಕಾರ ಎತ್ತಿದವಳಲ್ಲ.

ಎಂಬತ್ತಾರನೆಯ ಇಸವಿಯ ಬೇಸಿಗೆಯಲ್ಲಿ ಮೋಹಿನಿ ತಿಂದದ್ದೆಲ್ಲ ಕಾರಿ, ಎಲುಬಿನ ಗೂಡಾಗಿ ನೆಲ ಹಿಡಿದಳು. ಪೇಟೆಯ ದೊಡ್ಡ ಆಸ್ಪತ್ರೆಯಲ್ಲಿ ಫೋಟೋ ತೆಗೆದು ನೋಡಿದರೆ ಹೊಟ್ಟೆಯ ಒಳಗೆ, ಜಠರದ ಹಿಂದಿನ ಗ್ರಂಥಿಯ ತುಂಬ ಕಲ್ಲು. ಡಾಕ್ಟರ್ ಚಿತ್ತರಂಜನ ಶೆಟ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು.

"ಇದು ಪ್ಯಾಂಕ್ರಿಯಾಸ್. ಮೇದೋಜ್ಜೀರಕ ಅಂತ ಹೇಳ್ತಾರೆ. ಪೂರಾ ಹಾಳಾಗಿದೆ."

"ಕುಡಿಯುವವರಿಗೆ ಬರುವ ಕಾಯಿಲೆ ಅಂತ ಕಂಪೌಂಡರ್ ಹೇಳಿದ. ನಮ್ಮ ಹುಡುಗಿ ಕುಡಿತಾಳಾ?" ಎಂದು ಅಂಗಾರ ಸಿಡುಕಿದ.

"ಕುಡಿಯದವರಿಗೂ ಬರ್ತದೆ ಮಾರಾಯ್ರೆ. ನಮ್ಮ ಈ ಕರಾವಳಿಯಲ್ಲಿ ಸಣ್ಣ ಪ್ರಾಯದವರಿಗೇ ಬರುದುಂಟು. ಯಾಕೆ ಅಂತ ನಮಗೂ ಸರಿಯಾಗಿ ಗೊತ್ತಿಲ್ಲ. ನೋವು ಹೋಗ್ಬೇಕಾದ್ರೆ ಅದನ್ನು ತೆಗೀಬೇಕು. ಆದ್ರೆ ತೆಗೆದ್ರೆ ಸಕ್ಕರೆ ಕಾಯಿಲೆ ಬರ್ತದೆ. ಇನ್ಸುಲಿನ್ ಅಲ್ಲಿಯೇ ಹುಟ್ಟುವುದು. ಜೀವಮಾನ ಇಡೀ ಇಂಜೆಕ್ಷನ್ ಬೇಕು."

ಅಮ್ಮಣ್ಣಿ ಬಾಗಿಲ ಬಳಿ ನಿಂತಿದ್ದಳು. ಮೀನಿನ ವಾಸನೆಯ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು, ಅಣ್ಣನಿಗೆ ಕೋಪ ಬರುತ್ತದೆಂದು ಗೊತ್ತಿದ್ದೂ ಬಾಯಿ ಬಿಟ್ಟಳು.

"ತೆಗೆದದ್ದರಲ್ಲಿ ಒಳ್ಳೇದು ಸ್ವಲ್ಪ ಇದ್ರೆ ಅದನ್ನು ವಾಪಸ್ ಇಡ್ಲಿಕ್ಕೆ ಆಗುದಿಲ್ವಾ ಡಾಕ್ಟ್ರೇ?"

ಡಾಕ್ಟರು ಕನ್ನಡಕ ತೆಗೆದು ಅವಳ ಮುಖ ನೋಡಿದರು. "ಅಮೆರಿಕದಲ್ಲಿ ಅದನ್ನೇ ಮಾಡ್ತಿದ್ದಾರಮ್ಮ. ತೆಗೆದ ಗ್ರಂಥಿಯಿಂದ ಇನ್ಸುಲಿನ್ ಮಾಡುವ ಕಣಗಳನ್ನು ಬೇರೆ ಮಾಡಿ ಅದೇ ರೋಗಿಯ ಲಿವರಿಗೆ ಬಿಡ್ತಾರೆ. ಅಲ್ಲಿ ಅವು ಬದುಕ್ತವೆ. ಕೆಲವರಿಗೆ ಇಂಜೆಕ್ಷನ್ನೇ ಬೇಡ. ನಾವು ಪುಸ್ತಕದಲ್ಲಿ ಓದುವುದು ಮಾತ್ರ. ಇಲ್ಲಿ ಆಗುವಂಥದ್ದಲ್ಲ."

"ಯಾವಾಗ ಆಗ್ಬಹುದು?"

"ಇಪ್ಪತ್ತು ವರ್ಷ ಹೋಗ್ಬಹುದೋ ಎಂತದೋ."

ದೋಣಿಯಲ್ಲಿ ಮನೆಗೆ ಹೋಗುವಾಗ ಅಂಗಾರ ತಂಗಿಯನ್ನು ಬೈದ. "ನಾನು ಇರುವಾಗ ನೀನು ನಡುವೆ ಬಾಯಿ ಹಾಕಿದ್ದು ಯಾಕೆ? ಡಾಕ್ಟ್ರು ಎಂತ ಗ್ರಹಿಸಿಕೊಂಡಾರು, ಈ ಮನೆಯಲ್ಲಿ ಗಂಡಸಿಲ್ಲ ಅಂತವಾ?" ಅಮ್ಮಣ್ಣಿ ಕೈಬಳೆಗಳನ್ನು ಮುಟ್ಟಿ ನೋಡಿಕೊಂಡಳು. ಇಪ್ಪತ್ತು ವರ್ಷ ತಡೆಯಲು ಮಗಳ ಮೈಯಲ್ಲಿ ಮಾಂಸವೇ ಇರಲಿಲ್ಲ. ಅಮ್ಮಣ್ಣಿಯ ಕೈಬಳೆ, ಬೂಬನ ಬೋಟಿನ ಪಾಲು ಎಲ್ಲ ಸೇರಿ ಆಪರೇಶನ್ ಆಯಿತು.

ಅವಳು ಬೆಳಗ್ಗೆ ಮೀನು ಮಾರಿ ಸಂಜೆ ಆಸ್ಪತ್ರೆಗೆ ಹೋಗುತ್ತಿದ್ದಳು. ಆಪರೇಶನ್ನಿನ ನಂತರ ಮೋಹಿನಿ ಮೊದಲ ಸಲ ಗಂಜಿ ಕುಡಿದ ಸಂಜೆಯನ್ನು ಅವಳು ಮರೆಯುವಂತಿರಲಿಲ್ಲ. ಮಗಳು ಲೋಟ ಖಾಲಿ ಮಾಡಿದಳು, ಎಂದಿನಂತೆ ಕಾದಳು, ಇನ್ನೂ ಸ್ವಲ್ಪ ಹೊತ್ತು ಕಾದಳು. ಆಮೇಲೆ "ಅಮ್ಮ, ಬರ್ಲಿಲ್ಲ" ಎಂದಳು. ಅಷ್ಟು ಹೇಳಿ ಇಬ್ಬರೂ ಪಕ್ಕದ ಮಂಚದವರು ತಿರುಗಿ ನೋಡುವಷ್ಟು ಅತ್ತರು.

ಮನೆಗೆ ಕಳಿಸುವ ದಿನ ಬೆಳಗ್ಗೆ ಡಾಕ್ಟರು ಮನೆಯ ಯಜಮಾನರನ್ನು ಕರೆದರು. ಅಂಗಾರ ಇಸ್ತ್ರಿ ಅಂಗಿ ಹಾಕಿ ಹೋಗಿ ಒಳಗೆ ಕೂತು ಎಲ್ಲ ಕೇಳಿಸಿಕೊಂಡು ಬಂದ. ಸಂಜೆ ಜಗಲಿಯಲ್ಲಿ ಕೂತು ಮನೆಯವರಿಗೆ ತಿಳಿಸಿದ: "ದಿನಕ್ಕೆ ಎರಡು ಹೊತ್ತು ಇಂಜೆಕ್ಷನ್. ಊಟದ ಜೊತೆ ಮಾತ್ರೆ. ಮೂತ್ರ ಪರೀಕ್ಷೆ ಮಾಡ್ತಾ ಇರ್ಬೇಕು. ಸಕ್ಕರೆ, ಬೆಲ್ಲ ಬಂದ್. ಮುಟ್ಲಿಕ್ಕಿಲ್ಲ."

ಬಂದ್ ಎಂದರೆ ಬಂದ್. ಅಮ್ಮಣ್ಣಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ಅವಳ ಜೊತೆ ಬುಟ್ಟಿ ಇಟ್ಟು ಕೂರುವ ರುಖಿಯಾಳ ಅತ್ತೆಗೆ ಇದೇ ಸಕ್ಕರೆ ಕಾಯಿಲೆ. ಮುದುಕಿ ಕದ್ದು ಕದ್ದು ಸೀ ತಿಂದು, ಕಾಲಿನ ಗಾಯ ಕೊಳೆತು, ಮೊಣಕಾಲಿನ ಕೆಳಗೆ ಕತ್ತರಿಸಿದ್ದನ್ನು ಅಮ್ಮಣ್ಣಿ ಕಣ್ಣಾರೆ ಕಂಡಿದ್ದಳು. ಮಾರನೆಯ ದಿನವೇ ಸಕ್ಕರೆ ಡಬ್ಬಿ, ಬೆಲ್ಲದ ಭರಣಿ ಎರಡನ್ನೂ ಮರದ ಪೆಟ್ಟಿಗೆಗೆ ಹಾಕಿ ಬೀಗ ಜಡಿದು ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮೋಹಿನಿ ಚಿಕ್ಕಂದಿನಲ್ಲಿ ಮಹಾ ಸಿಹಿಗಳ್ಳಿ. ಅಟ್ಟದ ಮೇಲಿಟ್ಟ ಬೆಲ್ಲವನ್ನೂ ಬಿಟ್ಟವಳಲ್ಲ. ಅಂಥವಳನ್ನು ನಂಬಿ ಕೂರುವ ತಾಯಿ ಅವಳಾಗಿರಲಿಲ್ಲ.

ಮನೆಗೆ ಹೊಸ ಕೆಲಸಗಳು ಬಂದವು. ಬೂಬ ಐಸ್ ಪ್ಲಾಂಟಿನಿಂದ ಐಸ್ ತಂದು ಥರ್ಮಾಸಿಗೆ ತುಂಬುವನು. ಔಷಧಿಯ ಸೀಸೆ ಅದರಲ್ಲಿ ಇರಬೇಕು. "ಬಂಗುಡೆಗೆ ಸಿಗುವ ಮರ್ಯಾದಿ ನನ್ನ ಔಷಧಿಗೂ ಸಿಕ್ಕಿತು" ಎಂದು ಮೋಹಿನಿ ನಗುವಳು. ಗಾಜಿನ ಸಿರಿಂಜನ್ನು ಕುದಿಸಿ ಅವಳೇ ತೊಡೆಗೆ ಚುಚ್ಚಿಕೊಳ್ಳುವಳು. ಗಾಜಿನ ನಳಿಗೆಯ ನೀಲಿ ದ್ರಾವಣಕ್ಕೆ ಮೂತ್ರದ ಹನಿ ಬಿಟ್ಟು ಚಿಮಣಿಯ ಮೇಲೆ ಕಾಯಿಸುವುದು ಅಮ್ಮಣ್ಣಿಯ ಪಾಲು. ಸಕ್ಕರೆ ಜಾಸ್ತಿಯಿದ್ದರೆ ಇಟ್ಟಿಗೆಯ ಬಣ್ಣ, ಇಲ್ಲದಿದ್ದರೆ ನೀಲಿ ನೀಲಿಯಾಗಿಯೇ ಉಳಿಯುತ್ತಿತ್ತು. ನೀಲಿ ಕಂಡ ದಿನ ಅವಳು ಮೀನು ಮಾರುವಾಗ ಚೌಕಾಸಿಯನ್ನೂ ಮಾಡುತ್ತಿರಲಿಲ್ಲ.

ಮೋಹಿನಿ ಅನ್ನ ಬಡಿಸಿಕೊಂಡು ತಿನ್ನತೊಡಗಿದಳು. ಬಂಗುಡೆ ಗಸಿ ಎರಡನೇ ಸಲ ಹಾಕಿಸಿಕೊಂಡಳು. ಕೆನ್ನೆಯ ಗುಳಿ ತುಂಬಿತು. "ಮಳೆಗಾಲ ಮುಗಿಯಲಿ, ಉಳ್ಳಾಲದ ಕಡೆಯಿಂದ ಒಬ್ಬರು ಕೇಳ್ತಿದ್ದಾರೆ" ಎಂದು ಅಂಗಾರ ಗಂಭೀರವಾಗಿ ಹೇಳಿದಾಗ ಅವಳು ತಟ್ಟೆಯಿಂದ ತಲೆ ಎತ್ತಲಿಲ್ಲವಾದರೂ ಅಮ್ಮಣ್ಣಿ ಅವಳ ಕಿವಿ ಕೆಂಪಾದದ್ದನ್ನು ನೋಡಿದಳು.

ಮಳೆ ಹಿಡಿದು ಬೋಟುಗಳು ದಡ ಸೇರಿದ ಮೇಲಿನ ಒಂದು ಮಧ್ಯಾಹ್ನ ಅಮ್ಮಣ್ಣಿ ಚಾಪೆ ಒಣಗಿಸಲು ಎತ್ತಿದರೆ ಮಗಳ ದಿಂಬಿನ ಕೆಳಗೆ ಕಾಗದದ ಪೊಟ್ಟಣ. ಬಿಚ್ಚಿದರೆ ಸಕ್ಕರೆ. ಮಗಳನ್ನು ಕರೆದು ಅವಳ ಮುಂದೆ ಹಿಡಿದಳು.

"ಎಂತದಿದು? ಎಲ್ಲಿಂದ ಬಂತು?"

"ಅಂಗಡಿಯಿಂದ ತಂದದ್ದು. ಕೊಡಮ್ಮ ಇಲ್ಲಿ."

"ಕೊಡುದಾ? ಬಳೆ ಮಾರಿ ನಿನ್ನ ಪ್ರಾಣ ಉಳಿಸಿದ್ದು ಇದಕ್ಕಾ?"

"ಅಮ್ಮ, ಸ್ವಲ್ಪ ಕೇಳು. ಇಂಜೆಕ್ಷನ್ ತೆಗೊಂಡ ಮೇಲೆ ಊಟ ತಡ ಆದ್ರೆ ಸಕ್ಕರೆ ತೀರಾ ಕಡಿಮೆ ಆಗ್ತದಂತೆ. ಆಗ ನಡುಗ್ತದೆ, ಬೆವರು ಬರ್ತದೆ. ಕೂಡ್ಲೇ ಸಕ್ಕರೆ ತಿನ್ಬೇಕು ಅಂತ ಆಸ್ಪತ್ರೆಯ ಸಿಸ್ಟರ್ ಹೇಳಿದ್ದಾರೆ. ಮೊನ್ನೆ ನೀನು ದೋಣಿ ತಪ್ಪಿ ತಡವಾಗಿ ಬಂದೆಯಲ್ಲ, ಆಗ ನನಗೆ ಹಾಗೇ ಆಯ್ತು. ತಿಂದ ಮೇಲೆ ಸರಿಯಾಯ್ತು."

"ಸಕ್ಕರೆ ಕಾಯಿಲೆಗೆ ಸಕ್ಕರೆಯೇ ಮದ್ದಾ? ಯಾರ ಕಿವಿಗೆ ಹೂ ಇಡ್ತಿ?"

ಜಗಲಿಯಲ್ಲಿ ಬಲೆ ಹೊಲಿಯುತ್ತಿದ್ದ ಅಂಗಾರನ ಮುಂದೆ ವ್ಯಾಜ್ಯ ಹೋಯಿತು. ಅಮ್ಮಣ್ಣಿ ಪೊಟ್ಟಣವನ್ನು ಅವನ ಎದುರು ಇಟ್ಟಳು. "ಅಣ್ಣ, ನೀನೇ ಹೇಳು. ಡಾಕ್ಟ್ರು ನಿನ್ನ ಹತ್ರ ಹೀಗೆ ಹೇಳಿದ್ದಾರಾ?"

ಅಂಗಾರ ಸೂಜಿಯನ್ನು ಬಲೆಯಲ್ಲಿ ಸಿಕ್ಕಿಸಿ ಗಂಟಲು ಸರಿಮಾಡಿಕೊಂಡ. ಬೂಬನೂ ಸೇರಿ ಮೂವರೂ ಅವನ ಬಾಯಿ ನೋಡುತ್ತಿದ್ದರು. "ನನಗೆ ಹಾಗೆ ಹೇಳ್ಲಿಲ್ಲ" ಎಂದ.

"ಹೇಳಿರ್ಬಹುದು ಮಾವ, ನೆನಪು ಮಾಡಿ" ಎಂದಳು ಮೋಹಿನಿ.

"ನನಗೆ ಮರೆವು ಬಂದಿದೆ ಅಂತ ಹೇಳುದಾ ನೀನು?"

ಬೂಬ ನಡುವೆ ಬಂದ. "ಜಗಳ ಎಂತಕ್ಕೆ? ನಾಳೆ ಪೇಟೆಗೆ ಹೋದಾಗ ಡಾಕ್ಟ್ರ ಹತ್ರವೇ ಕೇಳಿ ಬರ್ತೇನೆ."

"ಹೋಗು, ಕೇಳು!" ಅಂಗಾರ ಬಲೆಯನ್ನು ಬದಿಗೆ ಎಸೆದು ಎದ್ದ. "ನನ್ನ ಹೊಟ್ಟೆಗೆ ಹೊಡೆದ ಬೋಟಿನಲ್ಲಿ ದುಡಿದು ನಾಲ್ಕು ಕಾಸು ಕಂಡ ಮೇಲೆ ನಿನಗೆ ಮಾವನ ಮಾತು ಸಾಲುದಿಲ್ಲ. ಮಾವ ಸುಳ್ಳು ಹೇಳಿದ್ದಾನಾ ಅಂತ ಡಾಕ್ಟ್ರ ಹತ್ರ ಸಾಕ್ಷಿ ಕೇಳ್ಲಿಕ್ಕೆ ಹೋಗು. ನೀನು ಬರುವಷ್ಟರಲ್ಲಿ ನಾನು ಈ ಮನೆಯಲ್ಲಿ ಇರುದಿಲ್ಲ."

"ಅಣ್ಣ, ಕೂತುಕೋ" ಎಂದು ಅಮ್ಮಣ್ಣಿ ಅವನ ಕೈ ಹಿಡಿದಳು. ಮಗನ ಕಡೆ ತಿರುಗಿ, "ಯಾರೂ ಎಲ್ಲಿಗೂ ಹೋಗ್ಲಿಕ್ಕಿಲ್ಲ. ಬರುವ ತಿಂಗಳು ಚೆಕಪ್ಪಿಗೆ ಹೇಗೂ ಹೋಗ್ಬೇಕು, ಆಗ ಕೇಳಿದ್ರಾಯ್ತು" ಎಂದಳು. ಬೂಬ ಮುಖ ಊದಿಸಿಕೊಂಡು ಹೊರಗೆ ಹೋದ. ಪೊಟ್ಟಣ ಪೆಟ್ಟಿಗೆ ಸೇರಿತು. ಸಾಲದೆಂಬಂತೆ ಅಮ್ಮಣ್ಣಿ ಅಂಗಡಿಗೂ ಹೋಗಿ, ತನ್ನ ಮಗಳಿಗೆ ಸಿಹಿ ಕೊಡಬಾರದೆಂದು ಹೇಳಿ ಬಂದಳು.

ಮೋಹಿನಿ ಮತ್ತೆ ಆ ಮಾತು ಎತ್ತಲಿಲ್ಲ. ಹೊತ್ತಿಗೆ ಸರಿಯಾಗಿ ಊಟ ಹಾಕಿಸಿಕೊಂಡು ತಿನ್ನುತ್ತಿದ್ದಳು. ಅಮ್ಮಣ್ಣಿಯೂ ಊಟ ತಡ ಮಾಡಲಿಲ್ಲ. ನೀಲಿ ಬಣ್ಣ ವಾರದಲ್ಲಿ ಹೆಚ್ಚು ದಿನ ಕಾಣತೊಡಗಿತು. ತನ್ನ ಬೀಗದ ಮಹಿಮೆ ಎಂದುಕೊಂಡಳು.

ಚೆಕಪ್ಪಿಗೆ ಮೊದಲೇ ಆಟಿ ತಿಂಗಳ, ಅಂದರೆ ಆಷಾಢದ, ಅಮಾವಾಸ್ಯೆ ಬಂತು. ಆ ದಿನ ಹಾಲೆಮರದ ತೊಗಟೆಯ ಕಷಾಯ ಕುಡಿಯದೆ ತುಳುವರ ಮನೆಯಲ್ಲಿ ಯಾರೂ ಬಾಯಿಗೆ ಏನೂ ಹಾಕುವುದಿಲ್ಲ. ಗಂಡಸೊಬ್ಬ ಸೂರ್ಯ ಹುಟ್ಟುವ ಮೊದಲು ಮರದ ಬುಡಕ್ಕೆ ಹೋಗಿ, ಕಬ್ಬಿಣ ಮುಟ್ಟಿಸದೆ, ಕಲ್ಲಿನಿಂದ ಜಜ್ಜಿ ತೊಗಟೆ ತರಬೇಕು. ಅರೆದು ಹಿಂಡಿದ ರಸಕ್ಕೆ ಕೆಂಡದಲ್ಲಿ ಕಾಯಿಸಿದ ಬಿಳಿಕಲ್ಲನ್ನು ಹಾಕಿ, ಚುಂಯ್ ಎಂದಾಗ ಖಾಲಿ ಹೊಟ್ಟೆಯಲ್ಲಿ ಕುಡಿಯಬೇಕು. ವಿಷದಂಥ ಕಹಿ. ಆಮೇಲೆ ಬಾಯಿಗೆ ಮೆಂತೆ ಗಂಜಿ. ವರ್ಷದ ರೋಗವೆಲ್ಲ ಅದರಿಂದ ದೂರ ಎಂದು ನಂಬಿಕೆ. ಈ ವರ್ಷ ಈ ಮನೆಗೆ ಅದು ಬೇಕೇ ಬೇಕಿತ್ತು.

ಬೆಂಗರೆಯ ಮರಳಿನಲ್ಲಿ ಹಾಲೆಮರ ಇಲ್ಲ. ಅಂಗಾರ ಪ್ರತಿವರ್ಷ ಹಿಂದಿನ ಸಂಜೆಯೇ ನದಿ ದಾಟಿ, ಬಂದರಿನ ಗೋಡೌನಿನಲ್ಲಿ ಮಲಗಿ, ಮುಂಜಾವದಲ್ಲಿ ಮಣ್ಣಗುಡ್ಡದ ಒಂದು ಹಳೆಯ ಹಿತ್ತಿಲಿಗೆ ಹೋಗಿ ತೊಗಟೆ ತಂದು ಬೆಳಗಾಗುವಾಗ ಮನೆಯಲ್ಲಿರುತ್ತಿದ್ದ. ಈ ಸಲವೂ ಹಾಗೆಯೇ ಹೋಗಿದ್ದ. ಬೋಟಿನ ಕಾವಲಿಗೆ ಬೂಬನೂ ಆ ರಾತ್ರಿ ಬಂದರಿನಲ್ಲಿಯೇ ಉಳಿದಿದ್ದ.

ಮೋಹಿನಿ ಎದ್ದು ಎಂದಿನ ಹೊತ್ತಿಗೆ ಇಂಜೆಕ್ಷನ್ ಚುಚ್ಚಿಕೊಂಡಳು. ಮಾವ ಇನ್ನೇನು ಬರುತ್ತಾನೆ ಎಂದು ಅವಳೂ ನಂಬಿದ್ದಳು. ಅಮ್ಮಣ್ಣಿ ಒಲೆಯಲ್ಲಿ ಎರಡು ಪಾತ್ರೆ ಇಟ್ಟಿದ್ದಳು, ಒಂದರಲ್ಲಿ ಎಲ್ಲರಿಗೆ ಬೆಲ್ಲ ಹಾಕಿದ ಮೆಂತೆ ಗಂಜಿ, ಇನ್ನೊಂದರಲ್ಲಿ ಮಗಳಿಗೆ ಬೆಲ್ಲವಿಲ್ಲದ್ದು. ನಳಿಗೆಯನ್ನು ಕಾಯಿಸಿ ನೋಡಿದಳು. ನೀಲಿ. "ಇವತ್ತು ಒಳ್ಳೇ ದಿನ" ಎಂದಳು.

ಬಿಸಿಲು ಅಂಗಳಕ್ಕೆ ಬಂತು. ಅಂಗಾರ ಬರಲಿಲ್ಲ.

"ಅಮ್ಮ, ಸ್ವಲ್ಪ ಗಂಜಿ ಕೊಡು."

"ಕಷಾಯಕ್ಕೆ ಮೊದಲಾ? ಮಾವ ನಿನಗೋಸ್ಕರ ಹೋದದ್ದು. ಸ್ವಲ್ಪ ತಡ್ಕೋ ಮಾರಾಯ್ತಿ."

ಮೋಹಿನಿ ಬಾಗಿಲಿಗೆ ಹೋಗಿ ನದಿ ನೋಡಿ ಬಂದಳು. ಕೈ ನಡುಗುತ್ತಿತ್ತು. "ಗಂಜಿ ಬೇಡ. ಸಕ್ಕರೆ ಕೊಡು. ಒಂದು ಚಮಚ ಸಾಕು, ನನಗೆ ಹಾಗೇ ಆಗ್ತಾ ಉಂಟು."

"ಪುನಃ ಅದೇ ರಾಗವಾ?"

"ಅಮ್ಮ, ಕೊಡು ಅಂದ್ರೆ ಕೊಡು!"

ಎಂದೂ ದನಿ ಎತ್ತದ ಹುಡುಗಿ ಕಿರುಚಿದಳು. ತಾಯಿಯ ಸೊಂಟಕ್ಕೆ ಕೈ ಹಾಕಿ ಕೀಲಿಕೈ ಕಿತ್ತುಕೊಳ್ಳಲು ನೋಡಿದಳು. ಅಮ್ಮಣ್ಣಿ ಆ ಕೈಗೆ ಫಟ್ಟೆಂದು ಹೊಡೆದಳು. ರುಖಿಯಾಳ ಅತ್ತೆಯೂ ಹೀಗೆಯೇ ಸಿಹಿಗಾಗಿ ಸೊಸೆಯ ಮೇಲೆ ಬೀಳುತ್ತಿದ್ದಳು. "ಕಾಲು ಕತ್ತರಿಸಿಕೊಂಡು ಕೂರ್ಬೇಕಾ ನಿನಗೆ? ನಾನು ಬದುಕಿರುವಾಗ ಅದು ಆಗ್ಲಿಕ್ಕಿಲ್ಲ" ಎಂದಳು. ಮೋಹಿನಿ ಏನೋ ತೊದಲಿದಳು. ಒಳಗೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದಳು. ಸಿಟ್ಟು ಇಳಿಯಲಿ ಎಂದು ಅಮ್ಮಣ್ಣಿ ಒಲೆಯ ಮುಂದೆ ಕೂತು ಬಿಳಿಕಲ್ಲನ್ನು ಕೆಂಡಕ್ಕೆ ಹಾಕಿದಳು.

ಅಂಗಾರ ಬಂದಾಗ ಬಿಸಿಲು ಏರಿತ್ತು. ಮಣ್ಣಗುಡ್ಡದ ಆ ಮರವನ್ನು ಕಡಿದು ಅಲ್ಲಿ ಫ್ಲ್ಯಾಟಿಗೆ ಅಡಿಪಾಯ ತೆಗೆದಿದ್ದರಂತೆ. ಕೊಟ್ಟಾರದವರೆಗೆ ನಡೆದು ಹುಡುಕಿ ತಂದಿದ್ದ. ಹೊಳೆಯ ಸೆಳೆತಕ್ಕೆ ದೋಣಿಯವನೂ ತಡ ಮಾಡಿದ್ದ. "ಹಾಲೆಯೇ, ಮೂರು ಸಲ ನೋಡಿ ತಂದದ್ದು" ಎಂದು ಹೆಮ್ಮೆಯಿಂದ ಪೊಟ್ಟಣ ಬಿಚ್ಚಿದ. ಅಮ್ಮಣ್ಣಿ ಅರೆದಳು, ಹಿಂಡಿದಳು, ಕಲ್ಲು ಹಾಕಿದಳು. ಮೊದಲ ಲೋಟವನ್ನು ಮಗಳಿಗೆಂದೇ ಒಳಗೆ ಒಯ್ದಳು.

ಚಾಪೆ ಬೆವರಿನಿಂದ ಒದ್ದೆಯಾಗಿತ್ತು. ಮೋಹಿನಿಯ ಹಲ್ಲು ಕಚ್ಚಿಕೊಂಡಿತ್ತು, ಕಣ್ಣು ಮೇಲೆ ಸಿಕ್ಕಿತ್ತು, ಕೈಕಾಲು ಸೆಟೆದು ಸೆಟೆದು ಹೊಡೆದುಕೊಳ್ಳುತ್ತಿತ್ತು. ಲೋಟ ಅಮ್ಮಣ್ಣಿಯ ಕೈಯಿಂದ ಬಿತ್ತು.

ದೋಣಿ, ಬಂದರು, ರಿಕ್ಷಾ, ಆಸ್ಪತ್ರೆ. ಚಿತ್ತರಂಜನ ಶೆಟ್ಟರು ಓಡಿ ಬಂದು ರಕ್ತನಾಳಕ್ಕೆ ಗ್ಲೂಕೋಸ್ ಏರಿಸಿದರು. ಬಹಳ ಹೊತ್ತಿನ ಮೇಲೆ ಹೊರಗೆ ಬಂದು, "ಯಾಕಮ್ಮ, ಸಕ್ಕರೆ ಬಾಯಿಗೆ ಹಾಕ್ಲಿಲ್ವಾ? ಗ್ರಂಥಿ ಇಲ್ಲದವರಿಗೆ ಸಕ್ಕರೆ ಇಳಿದ್ರೆ ಮೈ ತಾನಾಗಿ ಏರಿಸಿಕೊಳ್ಳುದಿಲ್ಲ. ಯಾವಾಗಲೂ ಹತ್ತಿರ ಸಕ್ಕರೆ ಇರ್ಲಿ ಅಂತ ಹೇಳಿದ್ದೇನಲ್ಲ" ಎಂದರು. ಹೇಳುವಾಗ ಅವರ ಕಣ್ಣು ಅಂಗಾರನ ಮೇಲಿತ್ತು. ಅಂಗಾರ ನೆಲ ನೋಡುತ್ತಿದ್ದ. ಬಂದರಿನಿಂದ ಓಡಿ ಬಂದಿದ್ದ ಬೂಬ ಮಾವನನ್ನು ನೋಡಿದ, ತಾಯಿಯನ್ನು ನೋಡಿದ, ಕಾರಿಡಾರಿನ ಕೊನೆಗೆ ಹೋಗಿ ನಿಂತ.

ಮೋಹಿನಿ ಕೆಲವು ದಿನ ಉಸಿರಾಡುತ್ತಿದ್ದಳು. ಕಣ್ಣು ಬಿಡಲಿಲ್ಲ. ಬೆಂಗರೆಯ ಮರಳಿನಲ್ಲಿ ಮಳೆಗೆ ಚಿತೆಯ ಸೌದೆ ಹೊತ್ತಿಕೊಳ್ಳಲು ತುಂಬ ಕಷ್ಟವಾಯಿತು.

ಉತ್ತರಕ್ರಿಯೆಯ ಬೊಜ್ಜ ಮುಗಿದು ನೆಂಟರೆಲ್ಲ ದೋಣಿ ಹತ್ತಿದರು. ಬೂಬ ಬಟ್ಟೆಯ ಗಂಟು ಹಿಡಿದು ಬಂದರಿಗೆ ಹೋದವನು, ಇನ್ನು ಬೋಟಿನಲ್ಲಿಯೇ ಇರುತ್ತೇನೆಂದು ಹೇಳಿ ಕಳಿಸಿದ. ಥರ್ಮಾಸಿನಲ್ಲಿ ಐಸ್ ಕರಗಿ ನೀರಾಗಿ ಔಷಧಿಯ ಸೀಸೆ ಅದರಲ್ಲಿ ತೇಲುತ್ತಿತ್ತು. ಎಸೆಯಲು ಅಮ್ಮಣ್ಣಿಗೆ ಕೈ ಬರಲಿಲ್ಲ.

ಸಂಜೆ ಅವಳು ಚಾ ಕಾಯಿಸಿದಳು. ಸೊಂಟದಿಂದ ಕೀಲಿಕೈ ತೆಗೆದು ಪೆಟ್ಟಿಗೆ ತೆರೆದಳು. ಡಬ್ಬಿಯ ಪಕ್ಕದಲ್ಲಿ ಆ ಕಾಗದದ ಪೊಟ್ಟಣ ಹಾಗೆಯೇ ಇತ್ತು. ಅದನ್ನು ಮುಟ್ಟದೆ, ಡಬ್ಬಿಯಿಂದ ಸಕ್ಕರೆ ಹಾಕಿ ಲೋಟವನ್ನು ಜಗಲಿಗೆ ಒಯ್ದು ಅಣ್ಣನ ಮುಂದೆ ಇಟ್ಟಳು. ಅಂಗಾರನ ತೊಡೆಯ ಮೇಲೆ ಬಲೆ ಇತ್ತು, ಸೂಜಿ ಅಲ್ಲಾಡುತ್ತಿರಲಿಲ್ಲ. ಇಷ್ಟು ದಿನಗಳಲ್ಲಿ ಅವನು ಎಷ್ಟು ಮುದುಕನಾಗಿದ್ದಾನೆಂದು ಅವಳಿಗೆ ಆಗಲೇ ಕಂಡದ್ದು.

"ಅಮ್ಮಣ್ಣಿ" ಎಂದ. "ಡಾಕ್ಟ್ರು ಹೇಳಿದ್ದರು."

ಅವಳು ಕಂಬಕ್ಕೆ ಒರಗಿ ಕೂತಳು.

"ಸಕ್ಕರೆ ಹತ್ರ ಇಡಿ ಅಂತ ಹೇಳಿದ್ದರು. ನನಗೆ ಅದು ತಲೆಗೆ ಹೋಗ್ಲಿಲ್ಲ. ಸಕ್ಕರೆ ಬಂದ್ ಅಂದವರೇ ಸಕ್ಕರೆ ಇಡಿ ಅಂತ ಹೇಳ್ತಾರಾ, ನಾನೇ ಸರಿ ಕೇಳ್ಲಿಲ್ಲವೋ ಏನೋ ಅಂತ ಗ್ರಹಿಸಿದೆ. ಪುನಃ ಕೇಳ್ಲಿಕ್ಕೆ ನಾಚಿಕೆ ಆಯ್ತು. ಹೂಂ ಹೂಂ ಅಂತ ತಲೆ ಅಲ್ಲಾಡಿಸಿ ಬಂದೆ." ಬಲೆಯನ್ನು ಬದಿಗೆ ಸರಿಸಿದ. "ಆ ದಿನ ನೀವು ಮೂವರು ನನ್ನ ಮುಖ ನೋಡುವಾಗ ನನಗೆ ನೆನಪಿತ್ತು. ಬೈ ನೀನು. ಈ ಮನೆಯಿಂದ ಹೋಗು ಅಂತ ಹೇಳು. ಹೇಳು."

ನದಿಯ ಆಚೆ ಬಂದರಿನ ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತಿದ್ದವು. ಅಮ್ಮಣ್ಣಿ ಕೈಯಲ್ಲಿದ್ದ ಕೀಲಿಕೈಯನ್ನು ನೋಡುತ್ತಾ ಕೂತಿದ್ದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ನಿನಗೆ ಡಾಕ್ಟ್ರು ಹೇಳಿದ್ದು ಅಣ್ಣ" ಎಂದಳು. "ನನಗೆ ಅವಳೇ ಹೇಳಿದ್ದಳು."